ಅಟ್ಟದಿಂದಿಳಿದ 486

ಕಲಬುರಗಿ, 12 ಮೇ 2024, ಭಾನುವಾರ

ಹಳೆಯ ಕಂಪ್ಯೂಟರ್ ಎಂದರೆ ಲಕ್ಷಗಟ್ಟಲೆ ಬೆಲೆ ಬಾಳುತ್ತದೆ ಎಂಬ ನಂಬಿಕೆಗೆ ಆಪಲ್ ಕಂಪನಿಯ ಮೊದಲ ಕಂಪ್ಯೂಟರಾದ ಆಪಲ್-1ರ ಹರಾಜಿನ ಸುದ್ದಿಗಳೇ ಮುಖ್ಯ ಕಾರಣವಿರಬೇಕು. 1976ರಲ್ಲಿ 666.66 ಡಾಲರಿಗೆ ಮಾರುತ್ತಿದ್ದ ಆ ಸರ್ಕ್ಯೂಟ್ ಬೋರ್ಡನ್ನು 2014ರಲ್ಲಿ ಅಮೆರಿಕದ ಹೆನ್ರಿ ಫೋರ್ಡ್ ವಸ್ತುಸಂಗ್ರಹಾಲಯವು 9,05,000 ಡಾಲರ್ ತೆತ್ತು ಕೊಂಡಿತು. ಆದರೆ ಅಂಥವು ತಯಾರಾದದ್ದೇ ಸುಮಾರು 200. 1982ರ ‘ಕಮೊಡೋರ್ 64’ ಎಂಬ ಕಂಪ್ಯೂಟರಾದರೋ ಒಂದು ಕೋಟಿಗೂ ಮೀರಿ ಮಾರಾಟವಾದದ್ದರಿಂದ ಅದರ ಬೆಲೆ ಇಂದಿಗೂ ಸಾಮಾನ್ಯ ಹವ್ಯಾಸಿಯ ಕೈಗೆಟುಕುವಷ್ಟರಲ್ಲೇ ಇದೆ.

ಬ್ರಹ್ಮಪುರದ ಸ್ನೇಹಿತರ ಅಟ್ಟದಿಂದ ಇಂದು ಇಳಿಸಿದ 486 ಯಂತ್ರಕ್ಕೆ, ಅಂದರೆ 486 ಎಂಬ ಚಿಪ್ಪಿನ ಹಳೆಯ ಕಂಪ್ಯೂಟರಿಗೆ, ಎಷ್ಟು ಸಿಗಬಹುದೆಂದು ಕೇಳಿದಾಗ ಅವರಿಗೆ ಇದನ್ನೇ ಹೇಳಬೇಕಾಯಿತು. ತೊಂಬತ್ತರ ದಶಕದಲ್ಲಿ ಅವರ ತಂದೆ ಕಂಪ್ಯೂಟರ್ ತರಗತಿಗಾಗಿ ಬಿಡಿಭಾಗ ಜೋಡಿಸಿ ಕಟ್ಟಿಸಿದ್ದ ಪೆಟ್ಟಿಗೆಯದು. ಹೆಸರುವಾಸಿ ಕಂಪನಿಯ ಮುದ್ರೆಯಿಲ್ಲ. ಗುಜರಿಯವರು ತೂಕಕ್ಕೆ ಕೊಡುವುದಕ್ಕಿಂತ ಹೆಚ್ಚು ಸಿಗಬಹುದು, ಲಕ್ಷದ ಮಾತಂತೂ ದೂರ. ಇದರ ಬದಲು ಎಂಬತ್ತರ ದಶಕದ ಶಾಲಾ ಕಂಪ್ಯೂಟರ್ ಯೋಜನೆಯ ಬಿಬಿಸಿ ಮೈಕ್ರೋ ಎಂಬ ಬ್ರಿಟಿಷ್ ಕಂಪ್ಯೂಟರ್ ಸಿಕ್ಕಿದ್ದರೆ ನನ್ನ ಉತ್ತರ ಬೇರೆಯಾಗುತ್ತಿತ್ತು.

ಮುಚ್ಚಳ ತೆರೆದಾಗ ನಾನು ಮೊದಲು ಹುಡುಕಿದ್ದು ಮದರ್‌ಬೋರ್ಡಿನ ಮೇಲಿನ ಪೀಪಾಯಿ ಆಕಾರದ ನಿಕೆಲ್-ಕ್ಯಾಡ್ಮಿಯಂ ಬ್ಯಾಟರಿಯನ್ನು. 386, 486 ಚಿಪ್ಪುಗಳ ಕಾಲದ ಯಂತ್ರಗಳನ್ನು ಹೆಚ್ಚಾಗಿ ಕೊಲ್ಲುವುದು ಅದೇ: ವರ್ಷಗಳು ಕಳೆದಂತೆ ಅದರಿಂದ ಸೋರುವ ಕ್ಷಾರವು ತಾಮ್ರದ ಎಳೆಗಳನ್ನು ತಿಂದುಹಾಕುತ್ತದೆ. ಇಲ್ಲಿ ಹಸಿರು ಕಿಲುಬು ಕೀಬೋರ್ಡ್ ಸಾಕೆಟ್ಟಿನವರೆಗೆ ಮಾತ್ರ ಹಬ್ಬಿತ್ತು. ನಮ್ಮ ಊರಿನ ಒಣ ಹವೆ ತುಕ್ಕಿಗೆ ಅಷ್ಟಾಗಿ ಆಸ್ಪದ ಕೊಡದಿದ್ದರೂ, ನಲವತ್ತು ಡಿಗ್ರಿ ದಾಟುವ ಬೇಸಿಗೆಯಲ್ಲಿ ತಗಡಿನ ಕೆಳಗಿನ ಅಟ್ಟದಲ್ಲಿಟ್ಟರೆ ಕೆಪಾಸಿಟರುಗಳ ಒಳಗಿನ ದ್ರವ ಬೇಗ ಒಣಗುತ್ತದೆ.

ಹಳದಿಗಟ್ಟಿದ ಕ್ಯಾಬಿನೆಟ್ಟಿಗೆ ಬಣ್ಣ ಬಳಿಸಲೇ ಎಂದು ಅವರು ಕೇಳಿದರು. ಬೇಡವೆಂದೆ. ಬಿದರಿ ಹೂಜಿಯನ್ನು ಹುಣಸೆಹಣ್ಣಿನಿಂದ ತಿಕ್ಕಿ ಅದರ ಕಪ್ಪನ್ನು ಕಳೆದಂತಾಗುತ್ತದೆ ಅದು. ಸಂಗ್ರಾಹಕರು ಹಣ ಕೊಡುವುದು ಮೂಲ ಸ್ವರೂಪಕ್ಕೆ. ಹೈಡ್ರೋಜನ್ ಪೆರಾಕ್ಸೈಡ್ ಸವರಿ ಬಿಸಿಲಿಗಿಟ್ಟು ಬಿಳಿ ಮಾಡುವ ವಿಧಾನವಿದೆ, ಆದರೆ ಕಲೆ ಕಲೆಯಾಗುವ ಅಪಾಯವೂ ಅದರಲ್ಲಿದೆ. ಖರೀದಿಯ ರಸೀದಿ, ಕೈಪಿಡಿ, ಮೂಲ ಫ್ಲಾಪಿಗಳು ಜೊತೆಗಿದ್ದರೆ ಪೆಟ್ಟಿಗೆಗಿಂತ ಅವುಗಳಿಗೇ ಹೆಚ್ಚು ಗಿರಾಕಿ ಇರುವುದುಂಟು.

ಬ್ಯಾಟರಿಯನ್ನು ಕತ್ತರಿಸಿ ತೆಗೆದು, ಕಿಲುಬಿನ ಮೇಲೆ ವಿನೆಗರ್ ಹಚ್ಚಿ ತೊಳೆದು ಒಣಗಲಿಟ್ಟಿದ್ದೇವೆ. ಪೂರ್ತಿ ಒಣಗುವವರೆಗೆ ವಿದ್ಯುತ್ ಕೊಡಬಾರದೆಂದು ಸ್ನೇಹಿತರ ಮಗನಿಗೆ ಎರಡು ಸಲ ಹೇಳಿ ಬಂದಿದ್ದೇನೆ.