ಅಮ್ಮನಿಗೆ ಹೇಳಿದ ಇಲಿ ಕಥೆ

ಹ್ಯೂಸ್ಟನ್‌ನಲ್ಲಿ ನಾನು ಮಾಡುವ ಕೆಲಸವನ್ನು ಅಮ್ಮನಿಗೆ ಹೇಳುವುದು ಕಷ್ಟ. "ಇಲಿ ನೋಡ್ಕೋತೀನಮ್ಮ" ಅಂದರೆ ಅವಳಿಗೆ ಬೇಜಾರು. ಅಷ್ಟೆಲ್ಲಾ ಓದಿಸಿದ್ದು ಇದಕ್ಕಾ?

ಸುಮ್ನೆ ಸಾಕುವುದಲ್ಲ. ಚೆನ್ನಾಗಿರುವ ಇಲಿಯನ್ನು ಬಾಲ ಹಿಡಿದು ಎತ್ತಿದರೆ ಹಿಂಗಾಲು ಅಗಲಿಸುತ್ತದೆ. ನಮ್ಮಲ್ಲಿ ಕೆಲವು ಇಲಿಗಳು ಕಾಲನ್ನು ಹೊಟ್ಟೆಗೆ ಒತ್ತಿ ಮುದುಡಿಕೊಳ್ಳುತ್ತವೆ. ಅವುಗಳಲ್ಲಿ ಮೆಕ್‌ಪಿ2 ಅನ್ನುವ ಒಂದೇ ಒಂದು ಜೀನ್ ಕೆಟ್ಟಿದೆ. ಮನುಷ್ಯರಲ್ಲಿ ಅದು ಕೆಟ್ಟರೆ ರೆಟ್ ಸಿಂಡ್ರೋಮ್. ಸುಮಾರು 10,000 ಹೆಣ್ಣುಮಕ್ಕಳಲ್ಲಿ ಒಬ್ಬಳಿಗೆ ಬರುತ್ತದೆ. ಮಗು ಆರು ತಿಂಗಳೋ, ಒಂದೂವರೆ ವರ್ಷವೋ ಎಲ್ಲರ ಹಾಗೇ ಬೆಳೆಯುತ್ತದೆ. ಆಮೇಲೆ ಕಲಿತ ಮಾತು ಹೋಗುತ್ತದೆ, ಆಟದ ಸಾಮಾನು ಹಿಡಿಯುತ್ತಿದ್ದ ಕೈ ಬಟ್ಟೆ ಹಿಂಡುವ ಹಾಗೆ ಒಂದನ್ನೊಂದು ಹಿಸುಕುತ್ತಲೇ ಇರುತ್ತದೆ.

ಇದನ್ನು ಮೊದಲು ಗಮನಿಸಿದವರು ವಿಯೆನ್ನಾದ ಡಾಕ್ಟರ್ ಆಂಡ್ರಿಯಾಸ್ ರೆಟ್. ಅವರ ಕ್ಲಿನಿಕ್ಕಿನಲ್ಲಿ ಅಮ್ಮಂದಿರ ತೊಡೆ ಮೇಲೆ ಕೂತಿದ್ದ ಇಬ್ಬರು ಹುಡುಗಿಯರು ಒಂದೇ ಥರ ಕೈ ಹಿಂಡುತ್ತಿದ್ದರು. 1966ರಲ್ಲಿ ಅವರು ಜರ್ಮನ್‌ನಲ್ಲಿ ಬರೆದರು, ಹೊರಗೆ ಹೆಚ್ಚು ಜನ ಓದಲಿಲ್ಲ.

ಜೀನ್ ಸಿಕ್ಕಿದ್ದು ನಮ್ಮ ಈ ಊರಿನಲ್ಲಿ. ಅದನ್ನು ಹುಡುಕಿದ ಡಾಕ್ಟರ್ ಹುಡಾ ಜೋಘ್ಬಿ ಲೆಬನಾನಿನ ಬೈರೂತಿನವರು. ಮೆಡಿಕಲ್ ಓದುವಾಗ ಅಲ್ಲಿ ಯುದ್ಧ ಶುರುವಾಗಿ, 1976ರಲ್ಲಿ ಅಮೆರಿಕಕ್ಕೆ ಬಂದವರು ವಾಪಸ್ ಹೋಗಲಾಗದೆ ಇಲ್ಲೇ ಉಳಿದರು. (ವೀಸಾ ಬಗ್ಗೆ ಗೊಣಗುವಾಗೆಲ್ಲ ನನಗೆ ಅವರ ನೆನಪಾಗುತ್ತದೆ, ಸ್ವಲ್ಪ ನಾಚಿಕೆಯೂ ಆಗುತ್ತದೆ.) 1983ರಲ್ಲಿ ಇಂಥ ಒಬ್ಬ ಹುಡುಗಿಯನ್ನು ನೋಡಿದರು. 1999ರಲ್ಲಿ ಅವರ ಲ್ಯಾಬಿಗೆ ಜೀನ್ ಸಿಕ್ಕಿತು. ಹದಿನಾರು ವರ್ಷ!

ಆ ಜೀನ್ ಎಕ್ಸ್ ಕ್ರೋಮೋಸೋಮಿನಲ್ಲಿದೆ. ಹೆಣ್ಣಿಗೆ ಎರಡು ಎಕ್ಸ್. ಪ್ರತಿ ಜೀವಕೋಶವೂ ಅದರಲ್ಲೊಂದನ್ನು ಮುಚ್ಚಿಡುತ್ತದೆ, ಯಾವುದು ಅನ್ನುವುದು ಅದೃಷ್ಟ. ನಮ್ಮ ಅಪಾರ್ಟ್‌ಮೆಂಟ್ ಕಾರ್ ಪಾರ್ಕಿಂಗಿನಲ್ಲಿ ಒಂದು ಮೂರು ಬಣ್ಣದ ಹೆಣ್ಣು ಬೆಕ್ಕಿದೆ. ಅದರ ಮೈಮೇಲೆ ಕಪ್ಪು ಒಂದು ಕಡೆ, ಕೇಸರಿ ಒಂದು ಕಡೆ ಬಂದದ್ದೂ ಹೀಗೇ. ರೆಟ್ ಇರುವ ಹುಡುಗಿಯ ಮೆದುಳೂ ಹಾಗೆ, ಕೆಲವು ಕೋಶ ಸರಿ, ಕೆಲವು ಇಲ್ಲ. ಕೆಟ್ಟವು ಸತ್ತಿರುವುದಿಲ್ಲ, ಕೆಲಸ ಮಾಡುವುದಿಲ್ಲ ಅಷ್ಟೇ. 2007ರಲ್ಲಿ ಎಡಿನ್‌ಬರೋದ ವಿಜ್ಞಾನಿ ಏಡ್ರಿಯನ್ ಬರ್ಡ್ ತಂಡ ಬೆಳೆದು ದೊಡ್ಡದಾದ ಇಲಿಗಳಲ್ಲಿ ಈ ಜೀನ್ ಮತ್ತೆ ಆನ್ ಮಾಡಿದಾಗ ಅವು ಚೇತರಿಸಿಕೊಂಡವು.

ಹಾಗಾದರೆ ಮಕ್ಕಳಿಗೂ ಹಾಕಿಬಿಡಬಹುದಲ್ಲ? ಅಮ್ಮ ಕೇಳಿದ್ದೂ ಅದನ್ನೇ. ಈ ಜೀನ್ ಜಾಸ್ತಿಯಾದರೆ ಅದೇ ಇನ್ನೊಂದು ಕಾಯಿಲೆ. "ಹುಳಿಗೆ ಉಪ್ಪು ಹಾಕಿದ ಹಾಗೆ ಅನ್ನು" ಅಂದಳು. ಹೌದು. ಆದರೆ ಇಲ್ಲಿ ಒಂದೊಂದು ಕೋಶವೂ ಒಂದೊಂದು ಪಾತ್ರೆ, ಅರ್ಧಕ್ಕೆ ಆಗಲೇ ಉಪ್ಪು ಬಿದ್ದಿದೆ. 2023ರಲ್ಲಿ ಅಮೆರಿಕದಲ್ಲಿ ಮೊದಲ ಔಷಧಿಗೆ ಒಪ್ಪಿಗೆ ಸಿಕ್ಕಿತು. ಅದು ಲಕ್ಷಣ ಸ್ವಲ್ಪ ತಗ್ಗಿಸುತ್ತದೆ, ಜೀನ್ ಸರಿಮಾಡುವುದಿಲ್ಲ.

ಇಷ್ಟು ಕೇಳಿದ ಮೇಲೆ ಅಮ್ಮ ನಮ್ಮ ಬೀದಿಯ ಕೊನೆಮನೆ ಹುಡುಗಿಯ ವಿಷಯ ತೆಗೆದಳು. ಅವಳೂ ಕೈ ಹಿಸುಕುತ್ತಿದ್ದಳು. ಅವಳಿಗೆ ಇದೇ ಇತ್ತು ಅಂತ ಇಲ್ಲಿ ಕೂತು ನಾನು ಹೇಳಲಾರೆ. ಆದರೆ ಊರೆಲ್ಲ ಏನು ಮಾತಾಡುತ್ತಿತ್ತು ಅನ್ನುವುದು ನನಗೆ ನೆನಪಿದೆ. ಅವಳಮ್ಮ ಬಸುರಿಯಲ್ಲಿ ಗ್ರಹಣ ನೋಡಿದಳು, ಆ ತಾಯಿಯ ತವರಿನ ರಕ್ತವೇ ಸರಿಯಿಲ್ಲ ಅಂತ. ಆ ತಾಯಿ ಮಗಳನ್ನು ಕರೆದುಕೊಂಡು ಮದುವೆ, ನಾಮಕರಣಕ್ಕೆ ಬರುವುದನ್ನೇ ಬಿಟ್ಟರು.

ರೆಟ್ ವಿಷಯದಲ್ಲಿ ಲೆಕ್ಕ ಬೇರೆಯೇ ಇದೆ. ಹೆಚ್ಚುಕಮ್ಮಿ ಯಾವಾಗಲೂ ಅದು ವಂಶದಿಂದ ಬಂದದ್ದಲ್ಲ, ಹೊಸದಾಗಿ ಆದ ತಪ್ಪು. ಅದೂ ಬಹಳ ಸಲ ಆಗುವುದು ತಂದೆಯ ವೀರ್ಯಾಣುವಿನಲ್ಲಿ. ತಂದೆಯ ಎಕ್ಸ್ ಹೋಗುವುದು ಮಗಳಿಗೆ ಮಾತ್ರ, ಗಂಡುಮಕ್ಕಳಲ್ಲಿ ಈ ಕಾಯಿಲೆ ಅಪರೂಪವಾಗಲು ಅದೂ ಒಂದು ಕಾರಣ. ಹಾಗಂತ ತಂದೆಯ ತಪ್ಪೂ ಅಲ್ಲ. ನಕಲು ಮಾಡುವಾಗ ಒಂದು ಅಕ್ಷರ ತಪ್ಪಿತು, ಅಷ್ಟೇ.

ಫೋನಿನಲ್ಲಿ ಸ್ವಲ್ಪ ಹೊತ್ತು ಬರೀ ಫ್ಯಾನಿನ ಸದ್ದು.

"ನಾನೂ ಅಂದಿದ್ದೆ ಕಣೇ, ತವರಿನ ರಕ್ತ ಅಂತ" ಅಂದಳು. ಆಮೇಲೆ, "ಅವರೀಗ ಅರಸೀಕೆರೆಯಲ್ಲಿದ್ದಾರಂತೆ. ನಂಬರ್ ಯಾರ ಹತ್ರ ಇರುತ್ತೆ?"