ಟೀಮಲ್ಲಿ ಇಲ್ಲದ ಮಕ್ಕಳ ಪಿ.ಟಿ. ಪೀರಿಯಡ್

ಹೋದ್ವರ್ಷ ಆಗಸ್ಟಲ್ಲಿ ನಮ್ಮ ಶಾಲೆ ಹುಡುಗೀರ ಖೋ ಖೋ ಟೀಮು ಹೋಬಳಿ ಮಟ್ಟದಲ್ಲಿ ಗೆದ್ದು ಬಂತು. ಕಪ್ ಎತ್ಕೊಂಡು ಟೆಂಪೋದಲ್ಲಿ ಕೂಗಾಡ್ಕೊಂಡು ಬಂದ್ವಿ, ಎಸ್‌ಡಿಎಂಸಿ ಅಂದ್ರೆ ಶಾಲೆ ಉಸ್ತುವಾರಿ ಸಮಿತಿಯವ್ರು ಹಾರ ಹಾಕಿದ್ರು, ಊರಿನ ವಾಟ್ಸಾಪ್ ಗ್ರೂಪಲ್ಲೆಲ್ಲಾ ಫೋಟೋ ಓಡಾಡ್ತು. ಮಾರನೇ ದಿನ ಪ್ರೇಯರ್ ಮುಗಿಸಿ ಒಳಗೆ ಹೋಗ್ತಿದ್ದಾಗ ನಾಲ್ಕನೇ ಕ್ಲಾಸಿನ ಒಂದು ಪುಟ್ಟ ಹುಡುಗಿ ಹಿಂದೆಯಿಂದ ಸೆರಗು ಜಗ್ಗಿ ಕೇಳಿದ್ಲು, "ಮಿಸ್, ಇನ್ಮೇಲೆ ನಮ್ಮುನ್ನೂ ಆಟಕ್ಕೆ ಬಿಡ್ತೀರಾ?"

ಅವಳು ಬೇಜಾರಲ್ಲೇನೂ ಕೇಳಿದ್ದಲ್ಲ, ಸುಮ್ನೆ ಕೇಳಿದ್ಲು ಅಷ್ಟೇ. ಆದ್ರೆ ನನಗೆ ಆವತ್ತು ಊಟ ಸೇರ್ಲಿಲ್ಲ. ಯಾಕಂದ್ರೆ ಅದಕ್ಕೂ ಮುಂಚೆ ಐದು ವಾರ ನಮ್ಮ ಅಂಗಳ ಪೂರ್ತಿ ಟೀಮಿನ ಹನ್ನೆರಡು ಮಕ್ಕಳ ಕೈಲಿತ್ತು, ಶಾಲೆಯಲ್ಲಿರೋದು 138 ಮಕ್ಕಳು, ಮಿಕ್ಕೋರೆಲ್ಲ ಜಗಲಿ ಮೇಲೆ ಕೂತು ಚಪ್ಪಾಳೆ ತಟ್ಟಿದ್ರು ಇಲ್ಲಾಂದ್ರೆ ಮಗ್ಗಿ ಬರೀತಿದ್ರು, ಹಾಗೆ ಕೂರಿಸಿದ್ದು ಬೇರೆ ಯಾರೂ ಅಲ್ಲ, ನಾನೇ.

ನಾನು ದೈಹಿಕ ಶಿಕ್ಷಕಿ ಅಲ್ಲ. ಕನ್ನಡ, ಸಮಾಜ ಪಾಠ ಮಾಡೋಳು. ನಮ್ಮದು ಒಂದರಿಂದ ಏಳನೇ ಕ್ಲಾಸ್ ತನಕ ಇರೋ ಸರ್ಕಾರಿ ಶಾಲೆ, ಪಿ.ಟಿ. ಮಾಸ್ಟ್ರ ಪೋಸ್ಟೇ ಇಲ್ಲ, ಕಾಲೇಜಲ್ಲಿ ಥ್ರೋಬಾಲ್ ಆಡಿದ್ದೆ ಅಂತ ಗೊತ್ತಾಗಿ ಎಚ್.ಎಂ. ಸರ್ ಆಟದ ಚಾರ್ಜು ನನಗೆ ಕೊಟ್ರು. ಶಿಕ್ಷಣ ಹಕ್ಕು ಕಾಯ್ದೆ 2009ರದ್ದು, ಅದರ ಅನುಸೂಚಿ ಒಂದ್ಸಲ ಕೂತು ಓದಿದೆ. ಆಟದ ಮೈದಾನ ಇರ್ಬೇಕು ಅಂತಿದೆ, ಪ್ರತಿ ಕ್ಲಾಸಿಗೂ ಬೇಕಾದಷ್ಟು ಆಟದ ಸಾಮಾನು ಕೊಡ್ಬೇಕು ಅಂತಿದೆ. ಆದ್ರೆ ದೈಹಿಕ ಶಿಕ್ಷಣಕ್ಕೆ ಅಂತ ಅರೆಕಾಲಿಕ ಬೋಧಕರು ಬೇಕು ಅಂತ ಹೇಳಿರೋದು ಆರರಿಂದ ಎಂಟನೇ ಕ್ಲಾಸಲ್ಲಿ 100ಕ್ಕಿಂತ ಜಾಸ್ತಿ ಮಕ್ಕಳಿದ್ರೆ ಮಾತ್ರ. ನಮ್ಮಲ್ಲಿ ಆರು-ಏಳು ಸೇರಿ 47. ಹಂಗಾಗಿ ನಮ್ಮಂಥ ಹಳ್ಳಿ ಶಾಲೆ ಮಕ್ಕಳು ಆ ಲೆಕ್ಕದಿಂದಲೇ ಹೊರಗೆ. ಒಂದನೇ ಕ್ಲಾಸ್ ಮಗುಗೆ ಓಡೋದು ನೆಗೆಯೋದು ಕಲಿಸೋರು ಬೇಡ್ವಾ? ಕೈಕಾಲಿನ ಹಿಡಿತ ಬರೋ ವಯಸ್ಸೇ ಅದು. ಈ ವಿಷಯಕ್ಕೆ ನನಗೆ ನಿಜವಾಗ್ಲೂ ಸಿಟ್ಟಿದೆ.

ಡಿ.ಎಡ್.ನಲ್ಲಿ ಅಲ್ಪಸ್ವಲ್ಪ ಕಲಿಸಿದ್ರು, ಸಾವಧಾನ್ ವಿಶ್ರಾಮ್, ಲೆಜಿಮ್, ಡಂಬೆಲ್ಸ್. ಮಿಕ್ಕಿದ್ದೆಲ್ಲ ಪಕ್ಕದ ಹೈಸ್ಕೂಲಿನ ಪಿ.ಟಿ. ಮಾಸ್ಟ್ರ ಹತ್ರ ಕಲ್ತಿದ್ದು. ಟ್ರ್ಯಾಕ್ ಹಾಕೋದು ಅಂದ್ರೆ ಸುಣ್ಣದ ಪುಡಿ ಚೆಲ್ಲೋದು ಅಂತ ಅಂದ್ಕೊಂಡಿದ್ದೆ ನಾನು, ಅವರು ಗೂಟ ಹೊಡ್ದು ಹಗ್ಗ ಕಟ್ಟಿ ತಿರುವು ಎಳ್ದು, ಒಂದು ಪೂರ್ತಿ ಸುತ್ತಿನ ಓಟಕ್ಕೆ 1.22 ಮೀಟರ್ ಅಗಲದ ಲೇನ್ ಹಾಕಿದ್ರೆ ಎರಡನೇ ಲೇನಿನ ಮಗುನ 7.04 ಮೀಟರ್ ಮುಂದೆ ನಿಲ್ಲಿಸ್ಬೇಕು, ಅಲ್ಲಿಂದ ಆಚೆಗೆ ಒಂದೊಂದು ಲೇನಿಗೂ 7.66 ಮೀಟರ್ ಸೇರಿಸ್ತಾ ಹೋಗ್ಬೇಕು, ಇಲ್ಲಾಂದ್ರೆ ಹೊರಗಿನ ಲೇನಿನ ಮಗು ಅಷ್ಟು ಜಾಸ್ತಿ ಓಡಿ ಸೋಲುತ್ತೆ ಅಂತ ತೋರಿಸಿದ್ರು. ಎಲ್ರನ್ನೂ ಒಂದೇ ಗೆರೆ ಮೇಲೆ ನಿಲ್ಲಿಸಿ ಸೀಟಿ ಊದ್ತಿದ್ದೆ ಅಲ್ಲಿವರೆಗೂ. ಹೊರಗಡೆ ಓಡಿ ಸೋತ ಆ ಮಕ್ಕಳ ಮುಖ ಎಲ್ಲ ನೆನಪಾಯ್ತು ಆವತ್ತು.

ಸೆರಗು ಜಗ್ಗಿದ ಆ ಹುಡುಗಿ ವಿಷಯಕ್ಕೆ ಬರ್ತೀನಿ. ಅದಾದ ವಾರ ನಾನು ಒಂದು ಕೆಲಸ ಮಾಡ್ದೆ. ಅವಳ ಕ್ಲಾಸಿನ ಆಟದ ಪೀರಿಯಡಲ್ಲಿ ಮೊಬೈಲಿನ ಸ್ಟಾಪ್‌ವಾಚ್ ಹಿಡ್ಕೊಂಡು ಅವಳೊಬ್ಬಳನ್ನೇ ನೋಡ್ದೆ, ಓಡಿದಾಗ ಆನ್, ನಿಂತಾಗ ಆಫ್. ಎಂದಿನಂತೆ ಲೈನ್ ಮಾಡ್ಸಿ ರಿಲೇ ಆಡ್ಸಿದ್ದೆ, ಆಮೇಲೆ ಕೆರೆ-ದಡ. 40 ನಿಮಿಷದ ಪೀರಿಯಡಲ್ಲಿ ಆ ಮಗು ಕಾಲಾಡ್ಸಿದ್ದು ನಾಲ್ಕು ನಿಮಿಷ ಚಿಲ್ಲರೆ. ಮಿಕ್ಕಿದ್ದೆಲ್ಲ ಲೈನಲ್ಲಿ ನಿಂತಿದ್ಲು, ಇಲ್ಲಾ ಔಟಾಗಿ ಕೂತಿದ್ಲು. 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಏದುಸಿರು ಬರೋ ಹಾಗೆ ಮೈ ದಂಡಿಸ್ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ನಾನು ಕೊಡ್ತಿದ್ದಿದ್ದು ನಾಲ್ಕು, ಅದೂ ಪೀರಿಯಡ್ ಇದ್ದ ದಿನ ಮಾತ್ರ.

ಕೆರೆ-ದಡ ನಾವೆಲ್ಲ ಆಡಿ ಬೆಳೆದ ಆಟ. ದುಂಡಗೆ ಗೆರೆ ಎಳ್ದು ನಿಲ್ಲಿಸ್ತೀವಿ, ಕೆರೆ ಅಂದ್ರೆ ಒಳಗೆ ನೆಗೀಬೇಕು, ದಡ ಅಂದ್ರೆ ಆಚೆ ಬರ್ಬೇಕು, ತಪ್ಪಿದ್ರೆ ಔಟು. ಮಕ್ಕಳಿಗೆ ಬಲು ಇಷ್ಟ. ಆದ್ರೆ ಗಮನ ಇಟ್ಟು ನೋಡಿ, ಮೊದಲು ಔಟಾಗೋದು ಯಾರು ಅಂತ. ಸ್ವಲ್ಪ ದಪ್ಪ ಇರೋ ಮಗು, ಬೆಳಿಗ್ಗೆ ಏನೂ ತಿನ್ನದೆ ಬಂದಿರೋ ಮಗು, ಕಿವಿ ಸ್ವಲ್ಪ ಮಂದ ಇರೋ ಮಗು. ಯಾರಿಗೆ ಆಟ ಎಲ್ಲರಿಗಿಂತ ಜಾಸ್ತಿ ಬೇಕೋ ಅವರು ಮೊದಲನೇ ನಿಮಿಷದಲ್ಲೇ ಹೋಗಿ ಗೋಡೆ ಪಕ್ಕ ಕೂರ್ತಾರೆ, ಆಗ್ಲೇ ಚುರುಕಾಗಿರೋರು ಕೊನೆ ತನಕ ಆಡ್ತಾರೆ. ಈಗ ನಾನು ಎರಡು ಕೆರೆ ಬರೀತೀನಿ. ಈ ಕೆರೆಯಲ್ಲಿ ಔಟಾದೋರು ಓಡಿ ಹೋಗಿ ಆ ಕೆರೆಗೆ ಸೇರ್ಕೋಬೇಕು, ಅಲ್ಲಿ ಔಟಾದ್ರೆ ಮತ್ತೆ ಇಲ್ಲಿಗೆ. ಯಾರೂ ಕೂರಂಗಿಲ್ಲ. ಒಂದು ಹಿಡಿ ಸುಣ್ಣ ಜಾಸ್ತಿ ಹಿಡೀತು, ಅಷ್ಟೇ ಖರ್ಚು.

ಖೋ ಖೋನೂ ಹಂಗೇ ಒಡೆದೆ. ಟೂರ್ನಮೆಂಟ್ ಆಟದಲ್ಲಿ ಟೀಮಿಗೆ 12 ಜನ, ಅಂಗಳಕ್ಕೆ ಇಳಿಯೋದು 9, ಎಂಟು ಜನ ಕೂತು ಒಬ್ರು ಅಟ್ಟಿಸ್ಕೊಂಡು ಹೋಗೋದು. ನಾಲ್ಕನೇ ಕ್ಲಾಸಿನ 34 ಮಕ್ಕಳನ್ನ ಈಗ ಐದು ಗುಂಪು ಮಾಡ್ತೀನಿ. ಕಂಬದ ಬದಲು ಎರಡು ಕೋಲು, ನಾಲ್ಕು ಜನ ಕೂರೋದು, ಒಬ್ರು ಅಟ್ಟಿಸೋದು, ಉಳಿದೋರು ಓಡೋದು, ಎರಡು ನಿಮಿಷಕ್ಕೆ ಸೀಟಿ, ಬದಲಿ. ಐದು ಕಡೆಯಿಂದನೂ ಒಟ್ಟಿಗೆ "ಖೋ" "ಖೋ" ಅಂತ ಕೇಳೋಕೆ ಶುರುವಾದ್ರೆ ಪಕ್ಕದ ಕ್ಲಾಸಲ್ಲಿ ಪಾಠ ಮಾಡೋಕಾಗಲ್ಲ ಅಂತ ಸಹೋದ್ಯೋಗಿಯೊಬ್ರು ಗೊಣಗ್ತಾರೆ, ಅದೂ ನಿಜವೇ, ಹಾಗಾಗಿ ಅಂಗಳದ ಹಿಂಬದಿ ಹುಣಸೆ ಮರದ ಕಡೆ ಹೋಗ್ತೀವಿ.

ಈ ಆಟದಲ್ಲಿ ಕೂತಿರೋ ಮಗುನ ಒಂದ್ಸಲ ಹತ್ರದಿಂದ ನೋಡ್ಬೇಕು ನೀವು. ಒಬ್ಬರು ಆ ಕಡೆ ಒಬ್ಬರು ಈ ಕಡೆ ಮುಖ ಮಾಡಿ ಕುಕ್ಕರಗಾಲಲ್ಲಿ ಕೂತಿರ್ತಾರೆ, ಹಿಮ್ಮಡಿ ಮೇಲಕ್ಕೆ, ಎರಡೂ ಕೈಬೆರಳ ತುದಿ ಮಣ್ಣಲ್ಲಿ, ಶೂ ಬಿಚ್ಚಿಟ್ಟಿರೋದ್ರಿಂದ ಕಾಲ್ಬೆರಳು ನೆಲ ಗಟ್ಟಿಯಾಗಿ ಕಚ್ಚಿ ಹಿಡಿದಿರುತ್ತೆ, ಕಣ್ಣು ಓಡೋರ ಮೇಲೆ, ಕಿವಿ ಮಾತ್ರ ಬೆನ್ನ ಹಿಂದೆ. ಹಿಂದಿಂದ ಬೆನ್ನು ಮುಟ್ಟಿ ಖೋ ಅನ್ನೋ ತನಕ ಏಳೋ ಹಾಗಿಲ್ಲ, ಎದ್ರೆ ಫೌಲು. ಎದ್ದ ಮೇಲೆ ಹಿಡಿದ ದಿಕ್ಕು ಬದಲಾಯಿಸೋ ಹಾಗಿಲ್ಲ, ನಡು ಗೆರೆ ದಾಟೋ ಹಾಗೂ ಇಲ್ಲ. ಕ್ಲಾಸಲ್ಲಿ ಐದು ನಿಮಿಷ ಒಂದು ಕಡೆ ಕೂರದ ಹುಡುಗ ಇಲ್ಲಿ ಉಸಿರು ಬಿಗಿ ಹಿಡಿದು ಕಾಯ್ತಾನೆ. ಗಮನ ಇಟ್ಟು ಕೇಳೋದು ಅಂದ್ರೆ ಏನು ಅಂತ ಅವನಿಗೆ ಬೇರೆ ಹೇಳಿಕೊಡೋದೇ ಬೇಕಾಗಲ್ಲ.

ಇನ್ನೊಂದು ಹೇಳ್ಬೇಕು, ಇದು ಬಹಳ ಶಾಲೆಗಳಲ್ಲಿ ನೋಡಿದ್ದೀನಿ. ಹೋಂವರ್ಕ್ ಮಾಡಿಲ್ವಾ, ಇವತ್ತು ನಿಂಗೆ ಆಟ ಇಲ್ಲ. ಗಲಾಟೆ ಮಾಡಿದ್ಯಾ, ಎರಡು ರೌಂಡ್ ಓಡು. ಒಂದು ಕಡೆ ಆಟ ಕಿತ್ಕೊಂಡು ಶಿಕ್ಷೆ, ಇನ್ನೊಂದು ಕಡೆ ಓಟನೇ ಶಿಕ್ಷೆ. ಹಿಂಗೆ ಮಾಡಿದ್ರೆ ಓಡೋದು ಖುಷಿ ಅಂತ ಆ ಮಗುಗೆ ಯಾವಾಗ ಗೊತ್ತಾಗ್ಬೇಕು? ಸಿಲಬಸ್ ಮುಗ್ದಿಲ್ಲ, ಪರೀಕ್ಷೆ ಬಂತು ಅಂದ್ರೆ ಮೊದ್ಲು ಕೈ ಹಾಕೋದು ಆಟದ ಪೀರಿಯಡಿಗೇ. ಗಣಿತದ ಪೀರಿಯಡ್ ಕೊಡಿ, ಲಗೋರಿ ಆಡಿಸ್ಬೇಕು ಅಂತ ನಾನು ಯಾವತ್ತಾದ್ರೂ ಕೇಳಿದ್ದೀನಾ? ಈ ವರ್ಷ ಸ್ಟಾಫ್ ಮೀಟಿಂಗಲ್ಲಿ ಎದ್ದು ನಿಂತು ಇದನ್ನ ಹೇಳಿದೆ, ಎಚ್.ಎಂ. ಸರ್ ಒಪ್ಕೊಂಡ್ರು, ಆಟದ ಪೀರಿಯಡ್ ಯಾರೂ ಮುಟ್ಟಂಗಿಲ್ಲ ಅಂತ ಟೈಮ್‌ಟೇಬಲ್ ಕೆಳಗೆ ಬರೆದು ಸೈನ್ ಹಾಕಿದ್ರು. ಜೊತೆಗೆ, ಬಿಸಿಯೂಟ ಆದ ತಕ್ಷಣ ಇದ್ದ ಪೀರಿಯಡನ್ನ ಕೊನೆಗೆ ಹಾಕಿಸ್ಕೊಂಡೆ, ಅನ್ನ ಸಾಂಬಾರ್ ಉಂಡು ಓಡಿದ್ರೆ ಹೊಟ್ಟೆ ಹಿಡ್ಕೊಂಡು ಕೂರ್ತಾರೆ ಮಕ್ಕಳು.

ಎಲ್ಲಕ್ಕಿಂತ ಕಷ್ಟ ಆಗಿದ್ದು ಏಳನೇ ಕ್ಲಾಸ್ ಹುಡುಗೀರದ್ದು. ಆರನೇ ಕ್ಲಾಸ್ ತನಕ ಗಾಳಿ ಥರ ಓಡ್ತಿದ್ದೋಳು ಬೇಸಿಗೆ ರಜೆ ಮುಗಿಸಿ ಬಂದೋಳೇ ಜಗಲಿ ಬಿಟ್ಟು ಇಳೀಲಿಲ್ಲ. ಕೇಳಿದ್ರೆ ಹೊಟ್ಟೆನೋವು, ಕಾಲ್ನೋವು ಅಂತಾಳೆ. ಒಂದಿನ ಸಂಜೆ ಮನೆಗೆ ಹೋದೆ. ಅವರಮ್ಮ ಚಾಪೆ ಹಾಸಿ ಕೂರಿಸಿ, ಕಾಫಿ ಕೊಟ್ಟು, ಆಮೇಲೆ ನಿಧಾನಕ್ಕೆ ಹೇಳಿದ್ರು, "ದೊಡ್ಡೋಳಾಗವ್ಳೆ ಮೇಡಮ್ಮೋರೆ, ಲಂಗ ಹಾಕ್ಕಂಡು ಬೀದೀಲಿ ಕಾಣಂಗೆ ಕುಣುದ್ರೆ ಜನ ಏನಂತಾರೆ ಹೇಳಿ." ನಾನು ವಾದ ಮಾಡ್ಲಿಲ್ಲ. 2025ರ ಜನವರಿಲಿ ದೆಹಲಿಲಿ ಮೊದಲನೇ ಖೋ ಖೋ ವಿಶ್ವಕಪ್ ಆಯ್ತಲ್ಲ, ನಮ್ಮ ಹೆಣ್ಮಕ್ಕಳು ಫೈನಲಲ್ಲಿ ನೇಪಾಳನ 78-40ರಲ್ಲಿ ಸೋಲಿಸಿದ್ರಲ್ಲ, ಆ ಟೀಮಲ್ಲಿ ಆಡಿದ ಚೈತ್ರಾ ನಮ್ಮ ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನೋಳು ಅಂತ ಹೇಳಿ ಮೊಬೈಲಲ್ಲಿ ವಿಡಿಯೋ ತೋರಿಸ್ದೆ. "ಕುರುಬೂರಾ? ನಮ್ಮ ದೊಡ್ಡಕ್ಕುನ್ನ ಕೊಟ್ಟಿರೋದೇ ಅಲ್ಲಿಗೆ!" ಅಂದ್ರು ಆ ತಾಯಿ, ಫೋನ್ ಕೈಗೆ ತಗೊಂಡು ಇನ್ನೊಂದ್ಸಲ ನೋಡಿದ್ರು, ಮಗಳು ಬಾಗಿಲ ಹಿಂದೆ ನಿಂತು ಇಣುಕ್ತಿದ್ಲು. ಕೊನೆಗೆ ಎದ್ದು ಬರೋವಾಗ ಕೇಳಿದ್ರು, "ಆ ಮಗ ಪ್ಯಾಂಟ್ ಹಾಕವ್ಳಲ್ವಾ, ಇಸ್ಕೂಲಲ್ಲಿ ಹಾಕುದ್ರೆ ಬೈಯಲ್ವಾ?"

ಅದೊಂದು ಪ್ರಶ್ನೆ ಅಷ್ಟೇ ಇದ್ದಿದ್ದು ಅವರಿಗೆ. ಈಗ ಆಟ ಇರೋ ದಿನ ಐದರಿಂದ ಮೇಲಿನ ಹುಡುಗೀರು ಲಂಗದ ಒಳಗೆ ಪ್ಯಾಂಟೋ ಲೆಗ್ಗಿಂಗ್ಸೋ ಹಾಕ್ಕೊಂಡು ಬರ್ಬೋದು ಅಂತ ಪ್ರೇಯರಲ್ಲೇ ಹೇಳಿದ್ದೀವಿ. ಹೊಟ್ಟೆನೋವಿನ ದಿನ ಬಂದ್ರೆ ಯಾರ್ಗೂ ಕಾರಣ ಹೇಳ್ಬೇಕಿಲ್ಲ, ಸೀಟಿ ಊದೋ ಕೆಲಸ ತಗೊಂಡ್ರೆ ಸಾಕು. ಆ ಹುಡುಗಿ ಮೊದಲ ಶನಿವಾರ ಬೆಳಗಿನ ಕವಾಯತಿಗೆ ಬಂದು ಹಿಂದಿನ ಸಾಲಲ್ಲಿ ನಿಂತ್ಲು, ಕೈ ಅರ್ಧಕ್ಕೇ ಎತ್ತಿದ್ಲು. ಮುಂದಿನ ಶನಿವಾರ ಪೂರ್ತಿ ಎತ್ತಿದ್ಲು. ಅದರ ಮುಂದಿನ ವಾರ ಅಣ್ಣನ ಹಳೇ ಟ್ರ್ಯಾಕ್‌ಪ್ಯಾಂಟ್ ಮಡಚಿ ಹಾಕ್ಕೊಂಡು ಬಂದು ಖೋ ಖೋ ಸಾಲಲ್ಲಿ ಕುಕ್ಕರಗಾಲಲ್ಲಿ ಕೂತ್ಲು, ಎದ್ದ ರಭಸಕ್ಕೆ ಮುಗ್ಗರಿಸಿ ಮಂಡಿ ತರಚ್ಕೊಂಡ್ಲು, ಮಣ್ಣು ಒರೆಸ್ಕೊಂಡು ಮತ್ತೆ ಹೋಗಿ ಕೂತ್ಲು.

ಟೀಮು ಈ ವರ್ಷನೂ ಕಟ್ತೀವಿ, ಚೆನ್ನಾಗಿ ಆಡೋ ಮಕ್ಕಳಿಗೆ ಹೋಬಳಿ ತಾಲ್ಲೂಕು ನೋಡೋ ಆಸೆ ಇರುತ್ತಲ್ಲ, ಅದನ್ನ ಕಸಿಯೋಕಾಗಲ್ಲ. ಆದ್ರೆ ಅವರ ಪ್ರಾಕ್ಟೀಸು ಬೆಳಿಗ್ಗೆ ಶಾಲೆ ಶುರುವಾಗೋಕೆ ಮುಂಚೆ, ಹಾಲು ಕುಡಿದು ಬಾಳೆಹಣ್ಣು ತಿಂದು ಬಂದ ಮೇಲೆ. ಆಟದ ಪೀರಿಯಡ್ ಮಿಕ್ಕ ಮಕ್ಕಳದ್ದು. ಲಗೋರಿ ಚೆಂಡು ಹರಿದ ಕಾಲುಚೀಲಕ್ಕೆ ಬಟ್ಟೆ ತುರುಕಿ ಹೊಲಿದು ಮಾಡ್ಕೊಂಡಿದ್ದೀವಿ, ಬೆನ್ನಿಗೆ ಬಿದ್ರೂ ನೋವಾಗಲ್ಲ, ಹನ್ನೊಂದು ಚೆಂಡಿದೆ. ಮಳೆ ಬಂದ್ರೆ ಜಗಲಿ ಮೇಲೆ ಸ್ಕಿಪ್ಪಿಂಗು. ಅದಕ್ಕೆ ಹಗ್ಗ ಆರೇ ಇರೋದು, ಮಂಗಳವಾರದ ಸಂತೆಲಿ ಇನ್ನೊಂದು ಇಪ್ಪತ್ತು ಮೀಟರ್ ತಂದು ಕತ್ತರಿಸ್ಬೇಕು.