ಫಾರಿನ್ನೋರೇ ಭಜನೆ ಮಾಡ್ತಾರಂತಲ್ಲ?

ಹೌದು, ಮಾಡ್ತಾರೆ. ಆಯ್ತಾ?

ಅಷ್ಟಕ್ಕೇ ಬಿಟ್ಟರೆ ನನಗೂ ಸುಖ, ಕೇಳಿದವರಿಗೂ ಸುಖ. ಬಿಡುವುದಿಲ್ಲ. ನ್ಯೂಜೆರ್ಸಿಯಲ್ಲಿ ಒಂಬತ್ತು ವರ್ಷ ಇದ್ದು ನಾನು ಕೋಲಾರಕ್ಕೆ ವಾಪಸ್ ಬಂದು ಆರು ವರ್ಷವಾಯಿತು. ಅಲ್ಲಿ ಸಂಬಳ ಎಷ್ಟಿತ್ತು, ಯಾಕೆ ಬಿಟ್ಟು ಬಂದೆ ಅಂತ ಕೇಳುವವರು ಒಂದು ಸಲ ಕೇಳಿ ಸುಮ್ಮನಾದರು. ಈ ಒಂದು ಪ್ರಶ್ನೆ ಮಾತ್ರ ಸುಮ್ಮನಾಗಿಲ್ಲ. ಮದುವೆ ಮನೆಯ ಎಲೆ ಮುಂದೆ, ಟೊಮೆಟೊ ಮಂಡಿಯಲ್ಲಿ, ಕೊರಳಿಗೆ ಬಟ್ಟೆ ಸುತ್ತಿಸಿಕೊಂಡು ಅಲ್ಲಾಡದೆ ಕೂತ ಕಟಿಂಗ್ ಶಾಪಿನಲ್ಲಿ, ಎಲ್ಲ ಕಡೆಯೂ ಅದೇ: "ಅಲ್ಲಿ ಫಾರಿನ್ನೋರೇ ಕಚ್ಚೆ ಉಟ್ಕೊಂಡು, ನಾಮ ಇಟ್ಕೊಂಡು ಹರೇ ಕೃಷ್ಣ ಅಂತ ಕುಣೀತಾರಂತಲ್ಲಪ್ಪಾ? ನಮ್ ಹುಡುಗರಿಗೆ ಏನ್ ಬಂದಿದೆ ರೋಗ?"

ನನಗೆ ಸಿಟ್ಟು ಬರುವುದು ಪ್ರಶ್ನೆಗಲ್ಲ, ಅದರಲ್ಲಿರುವ 'ಏ'ಗೆ. ಫಾರಿನ್ನೋರು ಅಲ್ಲ, ಫಾರಿನ್ನೋರೇ. ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು ಇದಕ್ಕೆ ಅವಧಾರಣೆ ಅಂತ ಹೆಸರು ಹೇಳಿಕೊಟ್ಟಿದ್ದರು. "ನಾಯಿಯೇ ಎರಡು ಕಾಲಲ್ಲಿ ನಿಂತಿತು" ಅನ್ನುವಾಗ ಬರುವ 'ಏ' ಅದು. ಅವರೇ ಒಪ್ಪಿದ ಮೇಲೆ ನಮ್ಮ ದೇವರು ಪಾಸಾದ ಅನ್ನುವ 'ಏ' ಕೂಡ. ಒಂದೇ ಅಕ್ಷರ ಅವರನ್ನು ಸರ್ಕಸ್ಸಿಗೂ ಹಾಕುತ್ತದೆ, ಪರೀಕ್ಷಕರ ಕುರ್ಚಿಯಲ್ಲೂ ಕೂರಿಸುತ್ತದೆ.

ನಾಲ್ಕು ವರ್ಷದ ಹಿಂದೆ ಒಂದು ಗೃಹಪ್ರವೇಶ. ಊರಾಚೆ ಲೇಔಟಿನಲ್ಲಿ ಮನೆ, ನನಗೆ ಮಾವ ಆಗಬೇಕಾದವರದು. ನಮ್ಮಪ್ಪ ಇದ್ದಾಗ ತಾಳ ಹಾಕುತ್ತಿದ್ದ ಭಜನೆ ಮಂಡಳಿಯನ್ನೇ ಕರೆಸಿದ್ದರು. ಈಗ ಉಳಿದಿರುವುದು ಐದು ಜನ. ಹಾರ್ಮೋನಿಯಂ ನುಡಿಸುವವರಿಗೆ ಎಪ್ಪತ್ತು ದಾಟಿದೆ, ಹಾರ್ಮೋನಿಯಮ್ಮಿಗೂ ಹೆಚ್ಚುಕಮ್ಮಿ ಅಷ್ಟೇ. ತಿದಿಯ ತೂತಿಗೆ ಬ್ರೌನ್ ಟೇಪು ಅಂಟಿಸಿದ್ದಾರೆ. ಒಂದು ಕೀ ಒತ್ತಿದರೆ ತಾನಾಗಿ ಮೇಲೇಳುವುದಿಲ್ಲ, ಅವರು ಹಾಡುತ್ತಲೇ ಕಿರುಬೆರಳಲ್ಲಿ ಅದನ್ನು ಎಬ್ಬಿಸುತ್ತಾರೆ. ಗೊತ್ತಿಲ್ಲದವರು ಅದನ್ನೂ ಗಮಕ ಅಂದುಕೊಳ್ಳಬೇಕು. ಮಂಡಳಿಗೆ ಜಾಗ ಕೊಟ್ಟಿದ್ದು ಹೊರಗೆ ಶಾಮಿಯಾನದಲ್ಲಿ, ನೀರಿನ ಸಿಂಟೆಕ್ಸ್ ಪಕ್ಕ. ಕೈವಾರದ ಸಂತ ತಾತಯ್ಯನ ಕೀರ್ತನೆ ನಡೀತಿತ್ತು, ತೆಲುಗಿನದು. ಕೋಲಾರದಲ್ಲಿ ಮಾತು ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿದರೆ ಯಾರೂ ತಲೆ ಎತ್ತಿ ನೋಡುವುದಿಲ್ಲ, ಭಜನೆಯೂ ಹಾಗೇ.

ಒಳಗೆ ಹಾಲಿನಲ್ಲಿ ಮಾವ ಹೊಸ ಸೋಫಾ ಮೇಲೆ ಕೂತಿದ್ದರು. ಪ್ಲಾಸ್ಟಿಕ್ ಕವರು ಇನ್ನೂ ಬಿಚ್ಚಿರಲಿಲ್ಲ, ಅಲ್ಲಾಡಿದರೆ ಚರಚರ. ಸುತ್ತ ಏಳೆಂಟು ಜನ, ಮಧ್ಯೆ ಫೋನು. ವಾಟ್ಸಾಪಿನಲ್ಲಿ ಬಂದ ವಿಡಿಯೋ: ಯಾವುದೋ ಪಾರ್ಕು, ಚಿನ್ನದ ಬಣ್ಣದ ಜುಟ್ಟಿನ ಹುಡುಗ, ಕೊರಳಲ್ಲಿ ಮೃದಂಗ, ಹಿಂದೆ ಸೀರೆ ಉಟ್ಟ ಹೆಂಗಸರು. "ನೋಡಯ್ಯಾ, ನೋಡು, ಫಾರಿನ್ನೋರೇ!" ಅಂತ ನನ್ನ ತೋಳು ಹಿಡಿದು ಎಳೆದು ಕೂರಿಸಿದರು. ಫೋನಿನ ಸದ್ದು ಸಾಲದಾಯಿತು. ಮಾವ ಕಿಟಕಿಯತ್ತ ತಿರುಗಿ ಕೂಗಿದರು:

"ಸ್ವಲ್ಪ ನಿಲ್ಲಿಸ್ರಯ್ಯಾ, ಇಲ್ಲಿ ಭಜನೆ ಕೇಳಿಸ್ತಿಲ್ಲ!"

ನಿಲ್ಲಿಸಿದರು. ಚರಣದ ಮಧ್ಯದಲ್ಲಿ. ತಿದಿಯಲ್ಲಿ ಉಳಿದಿದ್ದ ಗಾಳಿ ಮಾತ್ರ ಒಂದೇ ಸ್ವರದಲ್ಲಿ ಅಷ್ಟು ಹೊತ್ತು ಎಳೆದು ಹೋಯಿತು. ಎಬ್ಬಿಸಬೇಕಾದ ಆ ಕೀ ಕೆಳಗೇ ಉಳಿದಿತ್ತು ಅಂತ ಕಾಣುತ್ತದೆ.

ಹಾಲಿನಲ್ಲಿ ಒಬ್ಬರೂ ನಗಲಿಲ್ಲ. ಯಾಕೆಂದರೆ ಮಾವ ಏನು ಹೇಳಿದರು ಅಂತ ಯಾರಿಗೂ ಹೊಳೆಯಲೇ ಇಲ್ಲ. ವಿಡಿಯೋ ಮುಗಿದ ಮೇಲೆ ಮಾವ ಮುಂದುವರಿಸಿದರು, "ಅವರಿಗೂ ಜನಿವಾರ ಹಾಕ್ತಾರಂತೆ ಕಣಯ್ಯಾ. ಎಂಥಾ ದೊಡ್ಡ ಮನಸ್ಸು!" ಅವತ್ತು ನಮ್ಮ ತಬಲದವರಿಗೆ ಎಲೆ ಹಾಕಿದ್ದು ಶಾಮಿಯಾನದ ಆ ಕೊನೆಗೆ, ಬೇರೆಯಾಗಿ. ಯಾಕೆ ಅಂತ ಈ ಕಡೆಯವರಿಗೆ ಹೇಳಬೇಕಾಗಿಲ್ಲ.

ಸರಿ, ಉತ್ತರ ಕೊಡುತ್ತೇನೆ. ಒಂದೇ ಸಲ. ಮುಂದೆ ಕೇಳಿದವರಿಗೆ ಇದರ ಲಿಂಕು ಕಳಿಸುತ್ತೇನೆ.

ಇದು ನಿಮ್ಮ ವಾಟ್ಸಾಪಿಗೆ ನಿನ್ನೆ ಬಂದಿರಬಹುದು, ಅವರಿಗೆ ನಿನ್ನೆಯದಲ್ಲ. 1893ರ ಷಿಕಾಗೋ, ವಿವೇಕಾನಂದರು, ಅದು ಎಲ್ಲರಿಗೂ ಗೊತ್ತು. ಅವರು ಒಯ್ದದ್ದು ಹೆಚ್ಚಾಗಿ ವೇದಾಂತ. ಕೃಷ್ಣಭಕ್ತಿಯನ್ನೇ ಹೊತ್ತು 1902ರಲ್ಲಿ ಬಾಬಾ ಪ್ರೇಮಾನಂದ ಭಾರತಿ ಅನ್ನುವ ಬಂಗಾಳಿ ಸಾಧು ಅಮೆರಿಕಕ್ಕೆ ಹೋದರು, ಲಾಸ್ ಏಂಜಲೀಸಿನಲ್ಲಿ ಕೃಷ್ಣನ ಗುಡಿಯನ್ನೂ ಮಾಡಿದರು. ಇವತ್ತು ಅವರ ಹೆಸರು ಯಾರಿಗೂ ನೆನಪಿಲ್ಲ, ಯಾಕೆಂದರೆ ಅವರ ವಿಡಿಯೋ ಇಲ್ಲ. 1926ರಲ್ಲಿ ಯೋಗಾನಂದರು ನ್ಯೂಯಾರ್ಕಿನ ಕಾರ್ನೆಗಿ ಹಾಲಿನಲ್ಲಿ ಗುರುನಾನಕರ ಪದವೊಂದನ್ನು ಇಂಗ್ಲಿಷಿಗೆ ತಿರುಗಿಸಿ ಇಡೀ ಸಭೆಯ ಬಾಯಲ್ಲಿ ಹಾಡಿಸಿದರು.

ಆಮೇಲೆ ಬಂದವರು ನೀವು ಕೇಳುವ ಹರೇ ಕೃಷ್ಣದವರು. ಕಲ್ಕತ್ತೆಯ ಭಕ್ತಿವೇದಾಂತ ಸ್ವಾಮಿ ಪ್ರಭುಪಾದರು, ಸಂನ್ಯಾಸಕ್ಕೆ ಮುಂಚೆ ಔಷಧಿ ವ್ಯಾಪಾರ ಮಾಡಿದವರು. 1965ರ ಆಗಸ್ಟ್ 13ರಂದು 'ಜಲದೂತ' ಅನ್ನುವ ಸರಕು ಹಡಗು ಹತ್ತಿದರು. ವಯಸ್ಸು 69 ತುಂಬುವುದರಲ್ಲಿತ್ತು. ಕೈಯಲ್ಲಿ ನಲವತ್ತು ರೂಪಾಯಿ, ಪೆಟ್ಟಿಗೆಯಲ್ಲಿ ತಾವೇ ಇಂಗ್ಲಿಷಿಗೆ ತಂದ ಭಾಗವತ. ಸಮುದ್ರದ ಮಧ್ಯೆ ಎರಡು ಸಲ ಹೃದಯಾಘಾತ. ಸೆಪ್ಟೆಂಬರ್ 17ಕ್ಕೆ ಬಾಸ್ಟನ್. ಮಾರನೇ ವರ್ಷ ನ್ಯೂಯಾರ್ಕಿನ ಸೆಕೆಂಡ್ ಅವೆನ್ಯೂದಲ್ಲಿ ಒಂದು ಖಾಲಿ ಅಂಗಡಿ ಮಳಿಗೆ ಬಾಡಿಗೆಗೆ ಹಿಡಿದರು. ಹಳೇ ಅಂಗಡಿಯವರ ಬೋರ್ಡು ಹಾಗೇ ಇತ್ತು: 'ಸಾಟಿಯಿಲ್ಲದ ಉಡುಗೊರೆಗಳು'. ನಮ್ಮಲ್ಲಿ ಆಗಿದ್ದರೆ ಮೊದಲು ಬೋರ್ಡು ಬದಲಾಯಿಸಿ, ಉದ್ಘಾಟನೆಗೆ ಶಾಸಕರನ್ನು ಕರೆದು, ಆಮೇಲೆ ಭಜನೆಗೆ ಜನ ಹುಡುಕುತ್ತಿದ್ದೆವು. ಅವರು ಅದೇ ಬೋರ್ಡಿನ ಕೆಳಗೆ ಶುರು ಮಾಡಿದರು.

ಬಂದ ಹುಡುಗರು ಯಾರು? ಮನೆ ಬಿಟ್ಟವರು, ಗಾಂಜಾ ಸೇದುತ್ತಿದ್ದವರು, ವಿಯಟ್ನಾಂ ಯುದ್ಧಕ್ಕೆ ಹೋಗಲ್ಲ ಅಂತ ತಪ್ಪಿಸಿಕೊಂಡು ತಿರುಗುತ್ತಿದ್ದವರು. ಮಾವನ ಭಾಷೆಯಲ್ಲಿ ಪೋಲಿಗಳು. ಅವರನ್ನೇ ಕೂರಿಸಿಕೊಂಡು, ದೀಕ್ಷೆ ಬೇಕಾದರೆ ಇಷ್ಟು ಬಿಡಬೇಕು ಅಂದರು: ಮಾಂಸ, ಅಮಲು, ಜೂಜು, ಅಕ್ರಮ ಸಂಬಂಧ. ಮೇಲೆ ದಿನಕ್ಕೆ ಹದಿನಾರು ಮಾಲೆ ಜಪ. ಮಾಲೆಗೆ 108 ಮಣಿ, ಅಂದರೆ 1,728 ಸಲ ಮಂತ್ರ, ಎರಡು ಗಂಟೆ ಹಿಡಿಯುತ್ತದೆ. "ನಮ್ ಹುಡುಗರಿಗೆ ಏನ್ ರೋಗ" ಅನ್ನುವ ಮಾವ ಕ್ಲಬ್ಬಿನ ಇಸ್ಪೀಟು ಒಂದು ಭಾನುವಾರವೂ ತಪ್ಪಿಸಿಲ್ಲ ಅನ್ನುವುದನ್ನು ಇಲ್ಲಿ ಸುಮ್ಮನೆ ಬರೆದಿಡುತ್ತೇನೆ.

ಎಲ್ಲ ಒಳ್ಳೆಯದೇ ಆಯಿತು ಅಂತ ಹೇಳಿದರೆ ಸುಳ್ಳಾಗುತ್ತದೆ. 1977ರಲ್ಲಿ ಪ್ರಭುಪಾದರು ತೀರಿಕೊಂಡ ಮೇಲೆ ಹನ್ನೊಂದು ಶಿಷ್ಯರು ಗುರುಪೀಠ ಹಂಚಿಕೊಂಡರು, ಅವರಲ್ಲಿ ಹಲವರು ಜಾರಿ ಬಿದ್ದರು. ಅವರ ವಸತಿ ಗುರುಕುಲಗಳಲ್ಲಿ ಮಕ್ಕಳ ಮೇಲೆ ದೌರ್ಜನ್ಯ ನಡೆದದ್ದನ್ನು 1990ರ ದಶಕದಲ್ಲಿ ಸಂಸ್ಥೆಯೇ ಒಪ್ಪಿಕೊಳ್ಳಬೇಕಾಯಿತು. ಈ ಭಾಗ ಮಾವನ ವಿಡಿಯೋದಲ್ಲಿ ಬರುವುದಿಲ್ಲ. ನನಗೆ ಮಾತ್ರ ಇದು ತಿಳಿದಾಗಲೇ ಅವರು ಮನುಷ್ಯರ ಹಾಗೆ ಕಂಡಿದ್ದು. ಮಠ ಅಂದಮೇಲೆ ಮಠದ ರಗಳೆ.

ಇನ್ನೊಂದು. ಆ ದೇವಸ್ಥಾನಗಳಿಗೆ ಭಾನುವಾರ ಹೋಗಿ ನೋಡಿ. ಪಾರ್ಕಿಂಗಿನಲ್ಲಿ ಟೊಯೋಟಾ ಸಾಲು, ಒಳಗೆ ತೆಲುಗು, ಗುಜರಾತಿ, ತಮಿಳು. ಬಿಳಿಯರನ್ನು ಹುಡುಕಬೇಕು. ಅದಕ್ಕೂ ಕಾರಣ 1965ರಲ್ಲೇ ಇದೆ. ಜಲದೂತ ಬಾಸ್ಟನ್ ತಲುಪಿದ ಹದಿನಾರೇ ದಿನಕ್ಕೆ, ಅಕ್ಟೋಬರ್ 3ರಂದು, ಅಮೆರಿಕದ ಅಧ್ಯಕ್ಷರು ಹೊಸ ವಲಸೆ ಕಾನೂನಿಗೆ ಸಹಿ ಹಾಕಿದರು. ಏಷ್ಯಾದವರಿಗೆ ಅಷ್ಟು ವರ್ಷ ಹೆಚ್ಚುಕಮ್ಮಿ ಮುಚ್ಚೇ ಇದ್ದ ಬಾಗಿಲು ತೆರೆಯಿತು. ಡಾಕ್ಟರು, ಇಂಜಿನಿಯರು ಹೋದರು, 1970ರ ದಶಕದಲ್ಲಿ ಪಿಟ್ಸ್‌ಬರ್ಗಿಗೆ ವೆಂಕಟರಮಣ ಬಂದ, ಫ್ಲಶಿಂಗಿಗೆ ಗಣಪತಿ ಬಂದ. ಆಮೇಲೆ ನಾನೂ ಹೋದೆ. ಬಿಳಿಯರು ಕಟ್ಟಿ ಬೆಳೆಸಿದ ಗುಡಿಗಳನ್ನು ಈಗ ತುಂಬಿರುವವರು ನಮ್ಮವರು. ಹಾಗಾಗಿ "ಫಾರಿನ್ನೋರೇ" ಅನ್ನುವುದು ಲೆಕ್ಕದಲ್ಲೂ ತಪ್ಪು.

ಮತ್ತೆ ಫಾರಿನ್ನೋರ ಭಜನೆ ನೋಡಲು ಫೋನು ಯಾಕೆ ಬೇಕಿತ್ತು? ನಮ್ಮಮ್ಮನ ತೌರು ಬಾಗೇಪಲ್ಲಿ. ಬೇಸಿಗೆ ರಜೆಯಲ್ಲಿ ಹೋದಾಗ ಪುಟ್ಟಪರ್ತಿ ದಾರಿಯಲ್ಲಿ ಬಿಳಿ ಪೈಜಾಮದ ಬಿಳಿಯರು ಬಸ್ಸಿಳಿದು ಎಳನೀರು ಕುಡಿಯುವುದನ್ನು ಎಷ್ಟು ನೋಡಿದ್ದೇವೆ. ಎಳನೀರಿನವನಿಗೆ ಅವರು ಗಿರಾಕಿ, ಅಷ್ಟೇ. ಅವನು ಯಾವತ್ತೂ 'ಏ' ಹಾಕಿ ಮಾತಾಡಿದ್ದು ಕೇಳಿಲ್ಲ.

ಇಷ್ಟು ಮಾತಾಡುವ ನಾನು ಏನು ಕಮ್ಮಿ? ಅಪ್ಪ ಶನಿವಾರ ಸಂಜೆ ಕರೆದರೆ ಟ್ಯೂಷನ್ ಇದೆ ಅನ್ನುತ್ತಿದ್ದೆ. ಗುರುಪೂರ್ಣಿಮೆಗೆ ಕೈವಾರದಲ್ಲಿ ಮೂರು ಹಗಲು ಮೂರು ರಾತ್ರಿ ಬಿಡದೆ ಸಂಗೀತ ನಡೆಯುತ್ತದೆ. ಅಪ್ಪ ಒಂದು ವರ್ಷವೂ ಬಿಟ್ಟವರಲ್ಲ, ನಾನು ಒಂದು ವರ್ಷವೂ ಹೋದವನಲ್ಲ. ಬಳೆ ಮಾರುತ್ತಿದ್ದ ತಾತಯ್ಯ ಅಮರನಾರೇಯಣನ ಅಂಕಿತದಲ್ಲಿ ಹಾಡು ಕಟ್ಟಿದ್ದು ನನ್ನ ಕಿವಿಗೆ ಬಿದ್ದದ್ದು ಅಡಿಗೆ ಮನೆ ಗೋಡೆಯಾಚೆಯಿಂದ. ಅಮೆರಿಕದಲ್ಲೂ ಫ್ಲಶಿಂಗ್ ಗಣಪತಿ ಗುಡಿಗೆ ಓಡುತ್ತಿದ್ದದ್ದು ನೆಲಮಾಳಿಗೆಯ ಕ್ಯಾಂಟೀನಿನ ದೋಸೆಗೆ. ಹರೇ ಕೃಷ್ಣದವರ ಭಾನುವಾರದ ಪ್ರಸಾದಕ್ಕೆ ಹೋಗುತ್ತಿದ್ದದ್ದೂ ಅಡುಗೆ ಮಾಡಲು ಸೋಮಾರಿತನ ಬಂದು.

ಅಲ್ಲೇ ಒಂದು ಸಲ ಖಿಚಡಿ ಬಡಿಸುತ್ತಿದ್ದ ಬಿಳಿ ಮುದುಕರು ನನ್ನನ್ನು ಊರು ಕೇಳಿದರು. ಒಂದು ಕಾಲಕ್ಕೆ ಟ್ರಕ್ಕು ಓಡಿಸುತ್ತಿದ್ದವರಂತೆ, ಸೌಟು ಹಿಡಿದ ತೋಳಿನ ಮೇಲೆ ಹಳೇ ಹಚ್ಚೆ ಮಾಸಿತ್ತು. ಬೆಂಗಳೂರು ಅಂದೆ. ಕೋಲಾರದವರು ಹೊರದೇಶದಲ್ಲಿ ಹೇಳುವ ಮೊದಲ ಸುಳ್ಳು ಅದು. ಬೆಂಗಳೂರಲ್ಲಿ ಎಲ್ಲಿ ಅಂದರು. ಹತ್ತಿರ, ಕೋಲಾರ ಅಂದೆ. ಸೌಟು ಅಲ್ಲೇ ನಿಂತಿತು.

"ಹಾಗಾದರೆ ಮುಲ್ಬಗಲ್ ಎಷ್ಟು ದೂರ?"

ಇದು ನನ್ನನ್ನು ಯಾರಾದರೂ ಕೇಳಬೇಕಾಗಿದ್ದ ಪ್ರಶ್ನೆ. ಊರಲ್ಲಿ ಒಬ್ಬರೂ ಕೇಳಿರಲಿಲ್ಲ, ಕೇಳಿದವರು ಇವರು. ನನ್ನ ಹತ್ತಿರ ಉತ್ತರ? ಮೂವತ್ತು ಕಿಲೋಮೀಟರು ಚಿಲ್ಲರೆ, ತಿರುಪತಿ ದಾರಿ, ಆಂಜನೇಯನಿಗೆ ಒಂದು ನಮಸ್ಕಾರ, ದೋಸೆ ಚೆನ್ನಾಗಿರುತ್ತೆ. ಅಲ್ಲಿಗೆ ಮುಗೀತು. ಅವರು ತಟ್ಟೆ ಕೆಳಗಿಡಿಸಿ ಒಂದು ಪುಸ್ತಕ ತಂದರು. ಅವರ ಗೀತೆಯ ಪುಸ್ತಕದ ಮೊದಲಲ್ಲೇ ಗುರುಪರಂಪರೆಯ ಪಟ್ಟಿ ಇದೆ, ಕೃಷ್ಣನಿಂದ ಪ್ರಭುಪಾದರವರೆಗೆ ಮೂವತ್ತೆರಡು. ಹದಿನೆಂಟನೆಯದು ನಮ್ಮ ವ್ಯಾಸರಾಯರು. ವ್ಯಾಸರಾಯರು ಓದಿದ್ದು ಮುಳಬಾಗಿಲಿನಲ್ಲಿ, ಶ್ರೀಪಾದರಾಜರ ಹತ್ತಿರ. ಈ ಶ್ರೀಪಾದರಾಜರೇ ಸಂಸ್ಕೃತದ ಪಂಡಿತರ ನಡುವೆ ಕೂತು ಕನ್ನಡದಲ್ಲಿ 'ರಂಗವಿಠಲ' ಅಂತ ಹಾಡಿ ದಾಸರಿಗೆ ದಾರಿ ಮಾಡಿಕೊಟ್ಟವರು. ಪಟ್ಟಿಯಲ್ಲಿ ಶ್ರೀಪಾದರಾಜರ ಹೆಸರು ಮಾತ್ರ ಇಲ್ಲ. ಸಂನ್ಯಾಸ ಕೊಟ್ಟ ಬ್ರಹ್ಮಣ್ಯತೀರ್ಥರು ಹದಿನೇಳನೆಯವರಾಗಿ ಇದ್ದಾರೆ, ವಿದ್ಯೆ ಕೊಟ್ಟವರು ಬಿಟ್ಟುಹೋಗಿದ್ದಾರೆ. ಆ ಮುದುಕರಿಗೆ ಅದೂ ಗೊತ್ತಿತ್ತು.

ಪಟ್ಟಿಯನ್ನು ನಾನು ಪೂರ್ತಿ ನಂಬುವುದಿಲ್ಲ, ಅದೂ ಹೇಳಿಬಿಡುತ್ತೇನೆ. ಅದರ ಪ್ರಕಾರ ವ್ಯಾಸರಾಯರಿಂದ ಕೆಳಗೆ ನಾಲ್ಕನೇ ತಲೆ ಬಂಗಾಳದ ಕೃಷ್ಣಭಕ್ತ ಚೈತನ್ಯರು. ಚೈತನ್ಯರು ಹೋದದ್ದು 1534ರಲ್ಲಿ, ವ್ಯಾಸರಾಯರು 1539ರಲ್ಲಿ. ಮರಿಮಗನ ಮಗ ಹೋದ ಮೇಲೂ ಮುತ್ತಾತ ಐದು ವರ್ಷ ಇದ್ದ ಹಾಗಾಯಿತು. ನಡುವೆ ಬರುವ ಮಾಧವೇಂದ್ರರ ಹೆಸರಿಗೆ 'ಪುರಿ' ಅಂತ ಇದೆ, ಅದು ಅದ್ವೈತದ ಶಂಕರರ ದಶನಾಮಿ ಸಂನ್ಯಾಸಿಗಳ ಹೆಸರು, ವ್ಯಾಸರಾಯರ ದ್ವೈತದ ಕಡೆಯದಲ್ಲ. ಈ ಕೊಂಡಿ ಗಟ್ಟಿಯೋ ಸಡಿಲವೋ ಅಂತ ಪಂಡಿತರು ಇನ್ನೂ ಜಗಳವಾಡುತ್ತಾರೆ. ಆಡಲಿ. ಟ್ರಕ್ಕು ಓಡಿಸಿದ ಮನುಷ್ಯ ನ್ಯೂಜೆರ್ಸಿಯಲ್ಲಿ ಖಿಚಡಿ ಸೌಟು ಹಿಡಿದುಕೊಂಡು ಮುಳಬಾಗಿಲಿಗೆ ಬರಬೇಕು ಅಂತ ಆಸೆಪಟ್ಟದ್ದು ಆ ಕೊಂಡಿಯಿಂದ, ನಾನು ಆ ಊರಲ್ಲಿ ದೋಸೆ ತಿಂದು ಬಾಯಿ ಒರೆಸಿಕೊಂಡು ಮುಂದೆ ಹೋಗಿದ್ದೆ.

ವಾಪಸ್ ಬಂದ ಮೇಲೆ ಅವರಿಗೆ ಕೊಟ್ಟ ಮಾತಿಗೆ ನರಸಿಂಹತೀರ್ಥಕ್ಕೆ ಹೋದೆ. ಶ್ರೀಪಾದರಾಜರ ಬೃಂದಾವನ ಇರುವ ಜಾಗ, ಮುಳಬಾಗಿಲು ಪೇಟೆಯ ಪಕ್ಕದಲ್ಲೇ. ಮಧ್ಯಾಹ್ನ ಎರಡೂವರೆ ಆಗಿತ್ತು. ಪಂಚೆ ಒಣಹಾಕಿದ್ದರು. ನೆರಳಲ್ಲಿ ಒಂದು ನಾಯಿ. ಒಬ್ಬರು ಪಾತ್ರೆ ತಿಕ್ಕುತ್ತಿದ್ದರು. ಕಲ್ಯಾಣಿಯ ಒಂದು ಫೋಟೋ ತೆಗೆದು ಕಳಿಸಿದೆ. ಅಲ್ಲಿ ಬೆಳಗಿನ ಜಾವ ನಾಲ್ಕು ದಾಟಿರಬೇಕು, ಆದರೂ ಐದು ನಿಮಿಷಕ್ಕೆ ಉತ್ತರ ಬಂತು:

"ಅಲ್ಲಿ ಈಗ ಯಾರು ಹಾಡುತ್ತಿದ್ದಾರೆ? ಸ್ವಲ್ಪ ಕೇಳಿಸು."

ಫೋನು ಹಿಡಿದುಕೊಂಡು ನಿಂತೆ. ಪಾತ್ರೆ ತಿಕ್ಕುವ ಸದ್ದು ಬರುತ್ತಿತ್ತು. ಅದನ್ನೇ ಇಪ್ಪತ್ತು ಸೆಕೆಂಡು ರೆಕಾರ್ಡು ಮಾಡಿದೆ. ಕಳಿಸಲಿಲ್ಲ.